ಮನೆಯ ಮಾತು, ಬೇರೆ ಅಕ್ಷರ



ಬೋಡಿನಾಯಕನೂರು, ಕಂಬಂ ಕಣಿವೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಮಾತು ಕನ್ನಡ. ಒಕ್ಕಲಿಗರು, ಕಪ್ಪಿಲಿಯರು ತಲೆಮಾರುಗಳಿಂದ ಇಲ್ಲಿದ್ದಾರೆ. ಆದರೆ ಶಾಲೆಯಲ್ಲಿ ಕಲಿತದ್ದು ತಮಿಳು ಅಕ್ಷರ. ಹಾಗಾಗಿ ಕನ್ನಡ ಬರೆಯಲು ಕೂತರೂ ಕೈಗೆ ಬರುವುದು ತಮಿಳು ಲಿಪಿಯೇ.

ಚೀನಾದಲ್ಲಿ ಇದು ತಿರುಗುಮುರುಗು: ಮಾತು ಹಲವು, ಲಿಪಿ ಒಂದು. ಮೂರು ಶಿಖರದಂತೆ ಕಾಣುವ ‘ಬೆಟ್ಟ’ದ ಅಕ್ಷರವನ್ನು ಬೀಜಿಂಗಿನವರು ‘ಶಾನ್’ ಎಂದು ಓದುತ್ತಾರೆ, ಹಾಂಗ್‌ಕಾಂಗಿನವರು ‘ಸಾನ್’, ಅದನ್ನು ಎರವಲು ಪಡೆದ ಜಪಾನಿನವರು ‘ಯಾಮಾ’. ಬಾಯಿ ಬೇರೆ, ಬೆಟ್ಟ ಅದೇ. ಕ್ರಿ.ಪೂ. 221ರಲ್ಲಿ ದೇಶವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿ ಬರವಣಿಗೆಯನ್ನೂ ಒಂದೇ ರೂಪಕ್ಕೆ ತರಿಸಿದ.

ನಮ್ಮ ಲಿಪಿಗಳು ಹಿಡಿಯುವುದು ಧ್ವನಿಯನ್ನು. ತೊಡಕು ಅಲ್ಲೇ. ತಮಿಳಿನಲ್ಲಿ ಕ–ಗ ಒಂದೇ ಅಕ್ಷರ, ಪ–ಬ ಕೂಡ. ಒಮ್ಮೆ ನಾನು ತಮಿಳು ಲಿಪಿಯಲ್ಲಿ ‘ಬೇಡ’ ಎಂದು ಮೆಸೇಜ್ ಕಳಿಸಿದರೆ ತಮ್ಮ ‘ಪೇಡ’ ಎಂದು ಓದಿ ಮಿಠಾಯಿ ಅಂಗಡಿಗೇ ಹೋಗಿದ್ದ!

ಲಿಪಿ ಕಲ್ಲಿನಂತೆ ನಿಂತದ್ದೂ ಅಲ್ಲ. ಮಧುರೈ ಮಿಷನ್ನಿನ ಇಟಲಿಯ ಯೇಸುಸಭೆಯ ಗುರು ಬೆಸ್ಕಿ (1680–1747), ಅಂದರೆ ತಮಿಳರ ವೀರಮಾಮುನಿವರ್, ತಮಿಳಿನ ಎ–ಏ, ಒ–ಓ ಬೇರೆಯಾಗಿ ಕಾಣುವಂತೆ ತಿದ್ದಿದರು ಎನ್ನುತ್ತಾರೆ. ಕನ್ನಡಕ್ಕೆ ಕಿಟ್ಟೆಲ್ ಪಾದ್ರಿಯ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಬ್ಬರೂ ಹೊರಗಿನಿಂದ ಬಂದು ಅಕ್ಷರ ಕಲಿತವರು. ನಾವೋ ಮನೆಯಲ್ಲೇ ಮಾತಿದ್ದೂ ಕಲಿಯದವರು. ನಾನೂ ಕಾಲೇಜು ಮುಗಿದ ಮೇಲೆ ಕಲಿತೆ.

ಈ ಬರಹವನ್ನು ನಿಮ್ಮ ಅಜ್ಜಿಗೆ ಓದಿ ಹೇಳಿ. ಓದಲು ಬಾರದಿದ್ದರೂ ಅವರು ನಿಮ್ಮ ಉಚ್ಚಾರ ತಿದ್ದುತ್ತಾರೆ.