ಹಳೆಯ ಬೆಂಟ್ಲಿ ಎಂಜಿನಿನ ಪಿಸ್ಟನ್ನೂ ಸಂಕೋಚನಾನುಪಾತವೂ

ಹಳೆಯ ಮೋಟಾರು ಬಂಡಿಯ ಎಂಜಿನಿಗೆ ಜೀರ್ಣೋದ್ಧಾರ ನಡೆಯುವಾಗ ಸವೆದ ಪಿಸ್ಟನ್ನುಗಳ ಸ್ಥಾನದಲ್ಲಿ ಹೊಸವನ್ನು ಎರಕ ಹೊಯ್ಯಿಸಬೇಕಾಗುತ್ತದೆ. ಅವು ಯಾವ ಲೋಹದವಾಗಿರಬೇಕು, ಎಷ್ಟು ಎತ್ತರದವಾಗಿರಬೇಕು ಎಂಬುದು ಮೇಲುನೋಟಕ್ಕೆ ಕಾರ್ಖಾನೆಯವರಷ್ಟೇ ನಿಶ್ಚಯಿಸಬೇಕಾದ ವಿಷಯವಾಗಿ ತೋರಬಹುದು. ಆದರೆ ಆ ಎಂಜಿನು ಹುಟ್ಟಿದ ಕಾಲದ ಪೆಟ್ರೋಲು ಎಂತಹದಿತ್ತೆಂಬ ಇತಿಹಾಸವನ್ನು ತಿಳಿಯದೆ ಇದಕ್ಕೆ ಸರಿಯಾದ ಉತ್ತರವನ್ನು ಕೊಡಲು ಬಾರದು. ಇಂಗ್ಲೆಂಡಿನ ಬೆಂಟ್ಲಿ ಮೂರು ಲೀಟರ್ ಬಂಡಿ ಇದಕ್ಕೆ ಒಳ್ಳೆಯ ನಿದರ್ಶನ.

ಪಿಸ್ಟನ್ನು ಕೆಳತುದಿಯಲ್ಲಿರುವಾಗ ಅದರ ಮೇಲುಗಡೆ ಇರುವ ಅವಕಾಶವನ್ನು, ಅದು ಮೇಲ್ತುದಿಗೆ ಬಂದಾಗ ಉಳಿಯುವ ಅವಕಾಶದಿಂದ ಭಾಗಿಸಿದರೆ ಬರುವುದೇ ಸಂಕೋಚನಾನುಪಾತ. ಇದು ಹೆಚ್ಚಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಮಿತಿ ಮೀರಿದರೆ ಕಿಡಿಯ ಜ್ವಾಲೆ ತಲುಪುವ ಮೊದಲೇ ಕಡೆಯಲ್ಲಿ ಉಳಿದ ಅನಿಲ ತಾನಾಗಿ ಹೊತ್ತಿಕೊಂಡು, ಸುತ್ತಿಗೆಯಿಂದ ಹೊಡೆದಂತೆ ಬಡಿತ ಕೇಳಿಸುತ್ತದೆ. ಮೊದಲನೆಯ ಮಹಾಯುದ್ಧದ ತರುವಾಯ ಹ್ಯಾರಿ ರಿಕಾರ್ಡೊ ಎಂಬ ಆಂಗ್ಲ ಶಿಲ್ಪಿ, ಓಡುತ್ತಿರುವಾಗಲೇ ಅನುಪಾತವನ್ನು ಬದಲಿಸಬಹುದಾದ ಎಂಜಿನೊಂದನ್ನು ನಿರ್ಮಿಸಿ, ಈ ಮಿತಿಯು ಇಂಧನದಿಂದ ಇಂಧನಕ್ಕೆ ಹೇಗೆ ಬೇರೆಯಾಗುತ್ತದೆಂಬುದನ್ನು ಅಳೆದು ತೋರಿಸಿದನು. ಬಡಿತವನ್ನು ತಡೆಯುವ ಸೀಸದ ಸಂಯುಕ್ತವು ಅಮೆರಿಕದಲ್ಲಿ ೧೯೨೩ರಲ್ಲಿ ಮಾರಾಟಕ್ಕೆ ಬಂದಿತು. ಇಂಧನದ ಗುಣವನ್ನು ಹೇಳುವ ಆಕ್ಟೇನ್ ಮಾನವು ೧೯೨೬ರಲ್ಲಿ ಹುಟ್ಟಿತು. ಬೆಂಟ್ಲಿಯ ಎಂಜಿನು ಇವೆರಡಕ್ಕಿಂತಲೂ ಹಿಂದಿನದು.

ಡಬ್ಲ್ಯು. ಓ. ಬೆಂಟ್ಲಿಯ ಹೆಸರು ಪಿಸ್ಟನ್ನಿನ ಚರಿತ್ರೆಯಲ್ಲಿ ಬಂಡಿಯ ಹೆಸರಾಗುವುದಕ್ಕೆ ಮೊದಲೇ ಬರುತ್ತದೆ. ೧೯೧೩ರಲ್ಲಿ ಆತನು ಪ್ಯಾರಿಸಿನ ಬಳಿಯ ಡಿ. ಎಫ್. ಪಿ. ಕಾರ್ಖಾನೆಗೆ ಹೋದಾಗ, ಕಾಗದಗಳು ಹಾರದಂತೆ ಮೇಜಿನ ಮೇಲಿಟ್ಟಿದ್ದ ಅಲ್ಯೂಮಿನಿಯಮಿನ ಪುಟ್ಟ ಪಿಸ್ಟನ್ನೊಂದನ್ನು ಕಂಡನು. ಅಂದು ಬಂಡಿಗಳಲ್ಲಿ ವಾಡಿಕೆಯಾಗಿದ್ದುದು ಎರಕದ ಕಬ್ಬಿಣದ ಅಥವಾ ಉಕ್ಕಿನ ಪಿಸ್ಟನ್ನು. ಅಲ್ಯೂಮಿನಿಯಮು ಕಬ್ಬಿಣಕ್ಕಿಂತ ಬಹಳ ಹಗುರ; ಶಾಖವನ್ನು ಬೇಗನೆ ಸಾಗಿಸುವುದರಿಂದ ಪಿಸ್ಟನ್ನಿನ ನೆತ್ತಿ ತಣ್ಣಗಿರುತ್ತದೆ, ಬಡಿತವೂ ತಡವಾಗುತ್ತದೆ. ನೂರಕ್ಕೆ ೮೮ ಪಾಲು ಅಲ್ಯೂಮಿನಿಯಮು, ೧೨ ಪಾಲು ತಾಮ್ರ ಬೆರೆಸಿ ಮಾಡಿದ ಪಿಸ್ಟನ್ನುಗಳಿಂದ ಡಿ. ಎಫ್. ಪಿ. ಬಂಡಿಯು ಬ್ರೂಕ್‌ಲ್ಯಾಂಡ್ಸ್ ಪಂದ್ಯದ ದಾರಿಯಲ್ಲಿ ದಾಖಲೆಗಳನ್ನು ಸ್ಥಾಪಿಸಿತು. ಯುದ್ಧಕಾಲದಲ್ಲಿ ಈ ತಿಳಿವಳಿಕೆ ಬ್ರಿಟಿಷ್ ವಿಮಾನದ ಎಂಜಿನುಗಳಿಗೂ ಸಂದಿತು.

೧೯೧೯ರಲ್ಲಿ ಪ್ರದರ್ಶಿತವಾಗಿ ೧೯೨೧ರಿಂದ ಕೊಳ್ಳುವವರ ಕೈಸೇರಿದ ಮೂರು ಲೀಟರ್ ಎಂಜಿನಿಗೆ ನಾಲ್ಕು ಸಿಲಿಂಡರುಗಳು. ವ್ಯಾಸ ೮೦ ಮಿಲಿಮೀಟರು, ಪಿಸ್ಟನ್ನಿನ ನಡೆ ೧೪೯. ಸಿಲಿಂಡರಿನ ತಲೆಭಾಗವೂ ಒಡಲೂ ಒಂದೇ ಎರಕ. ತಲೆ ಬಿಚ್ಚಲು ಬಾರದಿರುವುದರಿಂದ ಅನುಪಾತವನ್ನು ಏರಿಸಬೇಕಾದವನು ಪಿಸ್ಟನ್ನಿನ ಎತ್ತರವನ್ನೇ ಆಶ್ರಯಿಸಬೇಕು. ಸಾಧಾರಣ ಮಾದರಿಯಲ್ಲಿ ಅನುಪಾತ ೪.೩ಕ್ಕೆ ೧; ‘ಸ್ಪೀಡ್’ ಮಾದರಿಯಲ್ಲಿ ೫.೩ಕ್ಕೆ ೧. ಒಂದೊಂದು ಸಿಲಿಂಡರಿನ ಅಳತೆ ೭೪೯ ಘನ ಸೆಂಟಿಮೀಟರಾದುದರಿಂದ, ಮೊದಲನೆಯದರಲ್ಲಿ ಪಿಸ್ಟನ್ನಿನ ಮೇಲೆ ಉಳಿಯುವ ಅವಕಾಶ ೨೨೭, ಎರಡನೆಯದರಲ್ಲಿ ೧೭೪. ಈ ವ್ಯತ್ಯಾಸವನ್ನು ಎತ್ತರಕ್ಕೆ ತಿರುಗಿಸಿದರೆ ಸುಮಾರು ಹತ್ತೂವರೆ ಮಿಲಿಮೀಟರು ಮಾತ್ರ! ಬೆರಳಿನ ಅಗಲವೂ ಇಲ್ಲದ ಈ ಅಂತರದಲ್ಲಿ ಎರಡು ಮಾದರಿಗಳ ಸ್ವಭಾವಭೇದದ ಬಹುಭಾಗ ಅಡಗಿದೆ.

ಇಂದಿನ ಪೆಟ್ರೋಲು ಇದಕ್ಕಿಂತ ಎಷ್ಟೋ ಹೆಚ್ಚಿನ ಸಂಕೋಚನವನ್ನು ಬಡಿತವಿಲ್ಲದೆ ತಾಳುತ್ತದೆ. ಹೀಗಿರಲು ಏಳು ಎಂಟಕ್ಕೆ ಏರಿಸಬಾರದೇಕೆಂದು ಕೇಳುವವರುಂಟು. ಲೆಕ್ಕ ಅವರ ಪರವಾಗಿಲ್ಲ. ಆದರ್ಶ ಚಕ್ರದ ಸೂತ್ರದಂತೆ ೪.೩ರಿಂದ ೫.೩ಕ್ಕೆ ಏರಿದಾಗ ದಕ್ಷತೆ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ, ಅಲ್ಲಿಂದ ೬.೩ಕ್ಕೆ ಏಳರಷ್ಟು, ಮುಂದೆ ೭.೩ಕ್ಕೆ ಐದರಷ್ಟು. ಲಾಭ ಇಳಿಯುತ್ತ ಹೋಗುತ್ತದೆ, ಒತ್ತಡವೋ ಏರುತ್ತಲೇ ಇರುತ್ತದೆ. ಅದನ್ನು ಹೊರಬೇಕಾದವು ಬಿಳಿಲೋಹ ಎರೆದ ಬೇರಿಂಗುಗಳು ಮತ್ತು ನೂರು ವರ್ಷದ ಹಳೆಯ ಎರಕ. ತಲೆಯಲ್ಲಿ ಬಿರುಕು ಬಿಟ್ಟರೆ ಇಡೀ ಬ್ಲಾಕೇ ಹೋದಂತೆ.

ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಈ ತೊಡಕು ಅಪರಿಚಿತವಲ್ಲ. ೪.೩ ಎಂಬ ಅಂಕೆ ಅಂದಿನ ಕಳಪೆ ಪೆಟ್ರೋಲು ಬರೆಯಿಸಿದ ಪಾಠ, ೫.೩ ಎಂಬುದು ಕರ್ತೃವೇ ಒಪ್ಪಿದ ಪಾಠಾಂತರ. ಸಾಧಾರಣ ಮಾದರಿಗೆ ಎರಡನೆಯದನ್ನು ಅಳವಡಿಸಿದರೆ ಬಂಡಿ ಬೆಂಟ್ಲಿಯಾಗಿಯೇ ಉಳಿಯುತ್ತದೆ. ಎಂಟನ್ನು ಅಳವಡಿಸಿದರೆ ಅದು ಪ್ರಕ್ಷಿಪ್ತ. ಲೋಹದ ವಿಷಯದಲ್ಲಿ ಇಷ್ಟು ಬಿಗಿ ಬೇಡ. ಎಂಬತ್ತು ಮಿಲಿಮೀಟರಿನ ಪಿಸ್ಟನ್ನು ೨೦೦ ಡಿಗ್ರಿ ಕಾದರೆ ಶುದ್ಧ ಅಲ್ಯೂಮಿನಿಯಮಾದಲ್ಲಿ ೦.೩೭ ಮಿಲಿಮೀಟರು ಹಿಗ್ಗುತ್ತದೆ, ಕಬ್ಬಿಣವಾದಲ್ಲಿ ಇದರ ಅರ್ಧದಷ್ಟು. ಆದುದರಿಂದ ಹಳೆಯ ಪಿಸ್ಟನ್ನುಗಳಿಗೆ ಹೆಚ್ಚು ಸಡಿಲ ಬಿಡಬೇಕಾಗಿತ್ತು. ತಣ್ಣಗಿರುವಾಗ ಅವು ಗೋಡೆಗೆ ಬಡಿದು ಸದ್ದು ಮಾಡುತ್ತಿದ್ದವು. ಸಿಲಿಕಾನ್ ಬೆರೆತ ಇಂದಿನ ಮಿಶ್ರಲೋಹ ಕಡಮೆ ಹಿಗ್ಗುತ್ತದೆ. ತಾಳೆಗರಿಯ ಗ್ರಂಥವನ್ನು ಕಾಗದಕ್ಕೆ ಇಳಿಸಿದಂತೆ, ಇಲ್ಲಿ ಪಾಠ ಕೆಡುವುದಿಲ್ಲ.

ಪಿಸ್ಟನ್ನು ಹೊಯ್ಯಿಸುವ ಮುನ್ನ ಪುಸ್ತಕದ ಅಂಕೆಯನ್ನು ನಂಬದೆ ಅಳೆದು ನೋಡುವುದು ಅಗತ್ಯ. ಬ್ಲಾಕನ್ನು ಬೋರಲಾಗಿಟ್ಟು, ಕವಾಟಗಳನ್ನೂ ಪ್ಲಗ್ಗುಗಳನ್ನೂ ಮುಚ್ಚಿ, ತೆಳುವಾದ ಎಣ್ಣೆಯನ್ನು ಅಳತೆಗೊಳವೆಯಿಂದ ತುಂಬಿದರೆ ದಹನಕೋಷ್ಠದ ನಿಜವಾದ ಗಾತ್ರ ತಿಳಿಯುತ್ತದೆ. ಸವೆದ ಸಿಲಿಂಡರನ್ನು ಒಂದು ಮಿಲಿಮೀಟರಿನಷ್ಟು ಕೊರೆದು ಅಗಲಿಸಿದ್ದರೆ, ಮೇಲಿನ ಅವಕಾಶ ಹಾಗೆಯೇ ಇದ್ದಲ್ಲಿ, ೫.೩ ಎಂದುಕೊಂಡದ್ದು ೫.೪ ಆಗಿರುತ್ತದೆ. ಹೀಗೆ ಕಂಡ ಅಂಕೆಯನ್ನು ಬಂಡಿಯ ಕಾಗದಪತ್ರಗಳಲ್ಲಿ ಬರೆದಿಟ್ಟು, ತೆಗೆದ ಹಳೆಯ ಪಿಸ್ಟನ್ನುಗಳಲ್ಲಿ ಒಂದನ್ನಾದರೂ ಅದರೊಡನೆ ಕಾಪಾಡತಕ್ಕದ್ದು.