ಗೌಟ್ ಇರುವವರಿಗೆ ಕೋವಿಡ್ ಉಲ್ಬಣಿಸಿದಾಗ

ನಡುರಾತ್ರಿಯಲ್ಲಿ ಕಾಲಿನ ಹೆಬ್ಬೆರಳ ಬುಡದಲ್ಲಿ ಆರಂಭವಾಗಿ, ಹೊದಿಕೆಯ ಅಂಚು ತಾಗಿದರೂ ಸಹಿಸಲಾಗದ ನೋವನ್ನು ತರುವ ಗೌಟ್ ಕಾಯಿಲೆಯನ್ನು ಬಹುಕಾಲ ಸಿರಿವಂತರ ರೋಗವೆಂದೇ ಭಾವಿಸಲಾಗಿತ್ತು. ಆಯುರ್ವೇದವು ಇದನ್ನು ಹೋಲುವ ಲಕ್ಷಣಗಳನ್ನು ವಾತರಕ್ತ ಎಂಬ ಹೆಸರಿನಲ್ಲಿ ವಿವರಿಸುತ್ತದೆ. 2020ರಲ್ಲಿ ಕೊರೊನಾ ಸೋಂಕು ಜಗತ್ತನ್ನು ವ್ಯಾಪಿಸಿದಾಗ ಈ ಕಾಯಿಲೆಯು ವೈದ್ಯವಿಜ್ಞಾನಿಗಳ ಗಮನ ಸೆಳೆಯಲು ಎರಡು ಕಾರಣಗಳಿದ್ದವು. ಗೌಟ್ ಇರುವವರಿಗೆ ಕೋವಿಡ್ ಹೆಚ್ಚು ಅಪಾಯಕಾರಿಯೇ ಎಂಬುದು ಒಂದು. ಗೌಟ್‌ಗೆ ನೀಡುವ ಹಳೆಯ ಔಷಧವೇ ಕೋವಿಡ್‌ಗೂ ಮದ್ದಾಗಬಲ್ಲದೇ ಎಂಬುದು ಇನ್ನೊಂದು.

ರಕ್ತದಲ್ಲಿ ಯೂರಿಕ್ ಆಮ್ಲದ ಪ್ರಮಾಣವು ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ಮೀರಿದಾಗ ಅದು ಸೂಜಿಯಾಕಾರದ ಹರಳುಗಳಾಗಿ ಕೀಲುಗಳಲ್ಲಿ ಶೇಖರಗೊಳ್ಳಬಹುದು. ಈ ಹರಳುಗಳನ್ನು ಕಂಡ ರೋಗನಿರೋಧಕ ಕೋಶಗಳು ಕೆರಳಿ, ಇಂಟರ್‌ಲ್ಯೂಕಿನ್-1 ಎಂಬ ಉರಿಯೂತಕಾರಕವನ್ನು ಬಿಡುಗಡೆ ಮಾಡುತ್ತವೆ. ತೀವ್ರ ಕೋವಿಡ್‌ನಲ್ಲಿ ಶ್ವಾಸಕೋಶಕ್ಕೆ ಹಾನಿಯೆಸಗುವ ಅತಿಯಾದ ಉರಿಯೂತದಲ್ಲಿಯೂ ಇದೇ ಮಾರ್ಗದ ಪಾತ್ರವಿದೆ. ಇದಲ್ಲದೆ ಗೌಟ್ ಒಂಟಿಯಾಗಿ ಬರುವುದು ಅಪರೂಪ. ಅಧಿಕ ರಕ್ತದೊತ್ತಡ, ಮಧುಮೇಹ, ಬೊಜ್ಜು, ಮೂತ್ರಪಿಂಡ ಹಾಗೂ ಹೃದಯದ ಕಾಯಿಲೆಗಳು ಅದರ ಜೊತೆಗಾರರು. ಇವೆಲ್ಲವೂ ಕೋವಿಡ್ ಅನ್ನು ಗಂಭೀರಗೊಳಿಸುವಂಥವೇ. ಆದ್ದರಿಂದ ಅಪಾಯವು ಗೌಟ್‌ನದೋ ಅದರ ಸಂಗಡಿಗರದೋ ಎಂದು ಬಿಡಿಸಿ ಹೇಳುವುದು ಸುಲಭವಾಗಿರಲಿಲ್ಲ.

ಮಹಿಳೆಯರಿಗೆ ಹೆಚ್ಚಿನ ಅಪಾಯ

ಈ ದಿಸೆಯಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2022ರಲ್ಲಿ 'ಲ್ಯಾನ್ಸೆಟ್ ರುಮಟಾಲಜಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ರಿಟನ್ನಿನ 'ಯುಕೆ ಬಯೋಬ್ಯಾಂಕ್'ನಲ್ಲಿರುವ ಸುಮಾರು 4.6 ಲಕ್ಷ ಜನರ ಆರೋಗ್ಯ ದಾಖಲೆಗಳನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. ಇತರ ಕಾಯಿಲೆಗಳ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡ ಬಳಿಕವೂ ಗೌಟ್ ಇರುವವರು ಕೋವಿಡ್‌ನಿಂದ ಸಾವಿಗೀಡಾಗುವ ಸಂಭವವು ಇಲ್ಲದವರಿಗಿಂತ ಸುಮಾರು ಶೇ 29ರಷ್ಟು ಅಧಿಕವೆಂದು ಕಂಡುಬಂತು. ಆದರೆ ಸೋಂಕು ದೃಢಪಟ್ಟವರನ್ನು ಮಾತ್ರ ಪರಿಗಣಿಸಿದಾಗ ಸಾವಿನ ಪ್ರಮಾಣದಲ್ಲಿನ ವ್ಯತ್ಯಾಸವು ಖಚಿತವೆನ್ನುವಷ್ಟು ಇರಲಿಲ್ಲ.

ಅನಿರೀಕ್ಷಿತವಾದ ಸಂಗತಿಯೆಂದರೆ ಮಹಿಳೆಯರದು. ಗೌಟ್ ಪ್ರಧಾನವಾಗಿ ಪುರುಷರ ಕಾಯಿಲೆ. ಮಹಿಳೆಯರಲ್ಲಿ ಇದು ಸಾಮಾನ್ಯವಾಗಿ ಋತುಬಂಧದ ನಂತರವೇ ಕಾಣಿಸಿಕೊಳ್ಳುತ್ತದೆ. ಆದರೂ ಗೌಟ್ ಇರುವ ಮಹಿಳೆಯರಲ್ಲಿ ಕೋವಿಡ್ ಸಾವಿನ ಸಂಭವವು ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಪುರುಷರಲ್ಲಿ ಅಂಥ ಸ್ಪಷ್ಟ ಏರಿಕೆ ಕಾಣಲಿಲ್ಲ. ವಯಸ್ಸಾದ ಮಹಿಳೆಯರ ಕಾಲುನೋವನ್ನು 'ವಯಸ್ಸಿನ ನೋವು' ಎಂದು ತಳ್ಳಿಹಾಕುವ ರೂಢಿಯಿರುವ ಮನೆಗಳಲ್ಲಿ ಈ ಅಂಶವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಬಯೋಬ್ಯಾಂಕ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರಲ್ಲಿ ಬಹುಪಾಲು ಬಿಳಿಯರೆಂಬುದನ್ನೂ ಮರೆಯುವಂತಿಲ್ಲ.

ಕಾಲ್ಚಿಸಿನ್ ಮೇಲಿನ ನಿರೀಕ್ಷೆ

ಗೌಟ್‌ನ ನೋವು ತಣಿಸಲು ಬಳಸುವ ಕಾಲ್ಚಿಸಿನ್ ಸಸ್ಯಜನ್ಯ ಔಷಧ. ನಮ್ಮ ಬೇಲಿಗಳಲ್ಲಿ ಜ್ವಾಲೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆ ಮತ್ತು ಬೀಜಗಳಲ್ಲಿಯೂ ಇದು ಇದೆ. (ಹಾಗೆಂದು ಆ ಗೆಡ್ಡೆಯನ್ನು ಸೇವಿಸುವುದು ಪ್ರಾಣಾಂತಿಕ.) ಅಗ್ಗದ ಮಾತ್ರೆಯಾದ್ದರಿಂದ ಇದರ ಮೇಲೆ ಅಪಾರ ನಿರೀಕ್ಷೆಯಿತ್ತು. ಭಾರತದಲ್ಲಿಯೂ 2021ರಲ್ಲಿ ಸಿಎಸ್‌ಐಆರ್ ಹಾಗೂ ಹೈದರಾಬಾದಿನ ಸಂಸ್ಥೆಯೊಂದಕ್ಕೆ ಪ್ರಯೋಗಕ್ಕಾಗಿ ಅನುಮತಿ ದೊರೆತಿತ್ತು. ಆದರೆ ಅಷ್ಟರಲ್ಲಾಗಲೇ ಬ್ರಿಟನ್ನಿನ 'ರಿಕವರಿ' ಪ್ರಯೋಗದ ಉತ್ತರ ಬಂದಿತ್ತು. ಆಸ್ಪತ್ರೆಗೆ ದಾಖಲಾಗಿದ್ದ 11 ಸಾವಿರಕ್ಕೂ ಅಧಿಕ ರೋಗಿಗಳಲ್ಲಿ ಕಾಲ್ಚಿಸಿನ್ ಪಡೆದವರು, ಪಡೆಯದವರು ಎಂಬ ಭೇದವಿಲ್ಲದೆ 28 ದಿನಗಳಲ್ಲಿ ಶೇ 21ರಷ್ಟು ಮಂದಿ ಮೃತಪಟ್ಟಿದ್ದರು. ಗೌಟ್‌ಗಾಗಿ ಮೊದಲೇ ಈ ಮಾತ್ರೆ ಸೇವಿಸುತ್ತಿದ್ದವರಿಗೂ ಅದು ರಕ್ಷಾಕವಚವಾಗಿರಲಿಲ್ಲವೆಂದು ಬಯೋಬ್ಯಾಂಕ್ ಅಧ್ಯಯನ ತಿಳಿಸುತ್ತದೆ.

ಬದಲಿಗೆ ಆಸ್ಪತ್ರೆಯಲ್ಲಿ ಇದೇ ಮಾತ್ರೆ ಅಪಾಯ ತರಬಹುದು. ಕೋವಿಡ್‌ಗೆ ನೀಡುವ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಜೋಡಿಯಲ್ಲಿನ ರಿಟೊನಾವಿರ್, ದೇಹವು ಕಾಲ್ಚಿಸಿನ್ ಅನ್ನು ಹೊರಹಾಕುವುದನ್ನು ತಡೆಯುತ್ತದೆ. ಹೀಗೆ ಅದು ರಕ್ತದಲ್ಲಿ ಸಂಗ್ರಹವಾಗಿ ವಿಷವಾಗಬಲ್ಲದು. ಮೂತ್ರಪಿಂಡ ಅಥವಾ ಯಕೃತ್ತು ದುರ್ಬಲವಾಗಿದ್ದರೆ ಪ್ರಾಣಕ್ಕೇ ಕುತ್ತು. ಮನೆಯಿಂದ ತಂದ ಮಾತ್ರೆಗಳನ್ನು ವೈದ್ಯರಿಗೆ ತೋರಿಸದೆ ಸೇವಿಸಬಾರದೆನ್ನುವುದು ಇದಕ್ಕಾಗಿಯೇ.

ಇನ್ನು ಗಂಭೀರವಾಗಿ ಅಸ್ವಸ್ಥರಾದವರಲ್ಲಿ ನಿರ್ಜಲೀಕರಣ, ಮೂತ್ರವರ್ಧಕಗಳ ಬಳಕೆ ಮೊದಲಾದ ಕಾರಣಗಳಿಂದ ಗೌಟ್ ಮರುಕಳಿಸುವುದುಂಟು. ಆಗ ಜ್ವರವೂ ಬರಬಹುದು, ರಕ್ತದಲ್ಲಿ ಉರಿಯೂತದ ಸೂಚಕಗಳೂ ಏರಬಹುದು. ಇದನ್ನು ಸೋಂಕು ಉಲ್ಬಣಿಸಿದೆಯೆಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ. ಯೂರಿಕ್ ಆಮ್ಲದ ಪರೀಕ್ಷೆಯನ್ನೊಂದನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ತೀವ್ರ ಕೋವಿಡ್‌ನಲ್ಲಿ ಮೂತ್ರಪಿಂಡದ ನಾಳಗಳಿಗೆ ಧಕ್ಕೆಯಾಗಿ ಆಮ್ಲವು ಮೂತ್ರದಲ್ಲಿ ಸೋರಿಹೋಗಿ, ಅದರ ಮಟ್ಟವು ಅಸಹಜವಾಗಿ ಇಳಿದಿರುವುದನ್ನು ಬೆಲ್ಜಿಯಂನ ವೈದ್ಯರು 2020ರಲ್ಲಿಯೇ ವರದಿ ಮಾಡಿದ್ದರು. ಆಮ್ಲಜನಕದ ನೆರವಿನಲ್ಲಿರುವ ರೋಗಿಗಳಿಗೆ ನೀಡುವ ಡೆಕ್ಸಾಮೆಥಸೋನ್ ಕೀಲಿನ ಉರಿಯೂತವನ್ನೂ ತಗ್ಗಿಸುತ್ತದೆ, ಆದರೆ ಮಧುಮೇಹಿಗಳಲ್ಲಿ ಸಕ್ಕರೆ ಅಂಶವನ್ನು ಏರಿಸುತ್ತದೆ. ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯುರಿನಾಲ್ ಅನ್ನು ನೋವು ಮರುಕಳಿಸಿತೆಂಬ ಕಾರಣಕ್ಕೆ ರೋಗಿಗಳು ತಾವಾಗಿ ನಿಲ್ಲಿಸಬಾರದು. ಮೂತ್ರಪಿಂಡಗಳ ಸ್ಥಿತಿಗೆ ಅನುಗುಣವಾಗಿ ಪ್ರಮಾಣವನ್ನು ವೈದ್ಯರೇ ನಿರ್ಧರಿಸುತ್ತಾರೆ.

ಲಸಿಕೆಯ ಕುರಿತೂ ಬಯೋಬ್ಯಾಂಕ್ ದಾಖಲೆಗಳಲ್ಲಿ ಒಂದು ಸುಳಿವಿದೆ. ಲಸಿಕೆ ಪಡೆಯದವರಲ್ಲಿ ಗೌಟ್ ಇರುವವರಿಗೆ ಕೋವಿಡ್ ತಗಲುವ ಸಂಭವ ಹೆಚ್ಚಿತ್ತು. ಪಡೆದವರಲ್ಲಿ ಆ ವ್ಯತ್ಯಾಸ ಸ್ಪಷ್ಟವಾಗಿ ಗೋಚರಿಸಲಿಲ್ಲ.