ಡಿಂಗ (ಚಿತ್ರಕಥೆಯ ನಾಯಕ)

ಡಿಂಗ – ಬಾಲಮಂಗಳ ಪಾಕ್ಷಿಕದ ಚಿತ್ರಕಥೆಗಳಲ್ಲಿ ಬರುವ ಇಲಿ. ಅತಿಮಾನುಷ ಶಕ್ತಿ ಪಡೆದು ಆಕಾಶದಲ್ಲಿ ಹಾರುತ್ತ ಬಂದು, ಆಪತ್ತಿಗೆ ಸಿಕ್ಕಿದ ಪ್ರಾಣಿಗಳನ್ನು ಕಾಪಾಡುವುದು ಅವನ ಕೆಲಸ. ಮೂಲ ಮಲಯಾಳದಲ್ಲಿ ಅವನ ಹೆಸರು ಡಿಂಕನ್. 1983ರಲ್ಲಿ ಕೇರಳದ ಕೊಟ್ಟಾಯಂನಿಂದ ಹೊರಡುತ್ತಿದ್ದ ಮಲಯಾಳ ‘ಬಾಲಮಂಗಳಂ’ನಲ್ಲಿ ಮೊದಲು ಕಾಣಿಸಿಕೊಂಡ. ಕತೆ ಎನ್. ಸೋಮಶೇಖರನ್ ಅವರದು, ಚಿತ್ರ ಬೇಬಿ ಅವರದು. ಅದೇ ಪ್ರಕಾಶನ ಸಂಸ್ಥೆ ಹೊರತಂದ ಕನ್ನಡ ‘ಬಾಲಮಂಗಳ’ದಲ್ಲಿ ಅವನು ಡಿಂಗನಾಗಿ ಕನ್ನಡ ಮಕ್ಕಳ ಒಂದು ತಲೆಮಾರಿಗೇ ಪರಿಚಿತನಾದ. ಡಿಂಗ, ಡಿಂಕನ್ ಇಬ್ಬರೂ ಒಂದೇ ಊರಿನ ಮಕ್ಕಳ ಓದಿಗೆ ಒದಗಿದ ಪ್ರದೇಶವೆಂದರೆ ಕಾಸರಗೋಡು ಜಿಲ್ಲೆಯ ಉತ್ತರದ ಅಂಚು, ಅದರಲ್ಲೂ ಮಂಜೇಶ್ವರದ ಸುತ್ತುಮುತ್ತ. ಅಲ್ಲಿ ಕನ್ನಡ ಮಾಧ್ಯಮ ಮತ್ತು ಮಲಯಾಳ ಮಾಧ್ಯಮದ ಶಾಲೆಗಳು ಒಂದೇ ಪೇಟೆಯ ಆಸುಪಾಸಿನಲ್ಲಿರುವುದು ಸಾಮಾನ್ಯ.

ಭಾರತದಲ್ಲಿ ಚಿತ್ರಕಥೆಯ ವೀರರು ಡಿಂಗನಿಗಿಂತ ಎರಡು ದಶಕ ಹಿಂದೆಯೇ ಮನೆಮಾತಾಗಿದ್ದರು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಮೊದಲ 32 ಸಂಚಿಕೆಗಳನ್ನು ಪೂರಾ ಲೀ ಫಾಕ್‌ನ ಫ್ಯಾಂಟಮ್‌ಗೇ ಮೀಸಲಿಟ್ಟಿತ್ತು. ಅನಂತರ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಮೊದಲಾದವರು ಬಂದರು. 1976ರಲ್ಲಿ ಆಬಿದ್ ಸುರ್ತಿ ಸೃಷ್ಟಿಸಿದ ಬಹಾದುರ್ ಆ ಮಾಲೆಯ ಸ್ವದೇಶಿ ನಾಯಕನಾದ. ಕನ್ನಡಕ್ಕೂ ಈ ಕ್ಷೇತ್ರದಲ್ಲಿ ಒಂದು ಹಿರಿತನವಿದೆ. ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. 1960ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಐಬಿಎಚ್ ಪ್ರಕಾಶನದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಹೊರಬಂದ ಆ ಪುಸ್ತಕಗಳಲ್ಲಿದ್ದುದು ಪಾಶ್ಚಾತ್ಯ ಕತೆಗಳು. ಇಂಗ್ಲಿಷ್ ಮಾಲೆಯ ಸಂಖ್ಯೆ ಹನ್ನೊಂದರಿಂದ ಶುರುವಾಗುವುದು ಇದೇ ಕಾರಣಕ್ಕೆ. ಆ ಮಾಲೆಯನ್ನು ಪುರಾಣ ಇತಿಹಾಸಗಳ ಕಡೆಗೆ ತಿರುಗಿಸಿದ ಅನಂತ ಪೈ (1929–2011) ಮಂಜೇಶ್ವರಕ್ಕೆ ಹೆಚ್ಚು ದೂರವಲ್ಲದ ಕಾರ್ಕಳದವರು. ಇಂದ್ರಜಾಲ ಕಾಮಿಕ್ಸ್‌ನ ಆರಂಭದಲ್ಲೂ ಅವರ ಕೈಯಿತ್ತು.

ಇವೆಲ್ಲ ದೊಡ್ಡ ನಗರಗಳಿಂದ ಹೊರಟ ಪುಸ್ತಕಗಳು. ಡಿಂಗ ಹುಟ್ಟಿದ ವಾತಾವರಣ ಬೇರೆ. ಕೊಟ್ಟಾಯಂ ಮಲಯಾಳದ ಮುದ್ರಣ ಮತ್ತು ಪತ್ರಿಕೋದ್ಯಮದ ತವರು. ಮಲಯಾಳ ಮನೋರಮಾ ಸಂಸ್ಥೆ 1888ರಲ್ಲಿ ಸ್ಥಾಪನೆಯಾದದ್ದು ಅಲ್ಲಿ. ಲೇಖಕರದೇ ಸಹಕಾರಿ ಸಂಘವೊಂದು 1945ರಲ್ಲಿ ಪುಸ್ತಕ ಪ್ರಕಟಣೆಗೆ ಇಳಿದದ್ದೂ ಅಲ್ಲಿ. 1989ರಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಪಟ್ಟಣವೆನಿಸಿಕೊಂಡದ್ದೂ ಅದೇ. ಎಂ. ಸಿ. ವರ್ಗೀಸ್ 1969ರಲ್ಲಿ ಆರಂಭಿಸಿದ ‘ಮಂಗಳಂ’ ಧಾರಾವಾಹಿ ಕಾದಂಬರಿಗಳ ಬಲದಿಂದ ಲಕ್ಷಗಟ್ಟಲೆ ಪ್ರತಿ ಮಾರಾಟವಾಗುವ ವಾರಪತ್ರಿಕೆಯಾಗಿ ಬೆಳೆಯಿತು. ಪಂಡಿತರು ಮೂಗು ಮುರಿದರೂ ಅದುವರೆಗೆ ಪತ್ರಿಕೆಯನ್ನೇ ಕೊಳ್ಳದ ಮನೆಗಳಿಗೆ ಅದು ತಲುಪಿತು. ಮಕ್ಕಳಿಗಾಗಿ ಹೊರಟ ಬಾಲಮಂಗಳಂ ಆ ಮಾರಾಟದ ಜಾಲವನ್ನೇ ಬಳಸಿಕೊಂಡಿತು. ಎದುರಾಳಿಯೂ ಅದೇ ಊರಿನಲ್ಲಿದ್ದ: ಮನೋರಮಾ ಬಳಗದ ‘ಬಾಲರಮ’ 1984ರಿಂದ ‘ಮಾಯಾವಿ’ ಎಂಬ ಒಳ್ಳೆಯ ಕುಟ್ಟಿಚಾತ್ತನ, ಅಂದರೆ ಮರಿಭೂತದ, ಕತೆಗಳನ್ನು ಪ್ರಕಟಿಸತೊಡಗಿತು. ಮಾಯಾವಿಯದು ಮಂತ್ರಶಕ್ತಿ, ಡಿಂಕನ್‌ನದು ತೋಳ್ಬಲ. ಕೇರಳದ ಮಕ್ಕಳಿಗೆ ಎರಡೂ ಬೇಕಾಗಿದ್ದವು.

ಡಿಂಗನ ಹುಟ್ಟಿನ ಕತೆ ಚಿಕ್ಕದು. ಪಂಕಿಲಕ್ಕಾಡು ಎಂಬ ಕಾಡಿನಲ್ಲಿ ತುಂಟಾಟ ಆಡಿಕೊಂಡಿದ್ದ ಇಲಿಯನ್ನು ಯಾವುದೋ ಗ್ರಹದ ಜೀವಿಗಳು ಹೊತ್ತೊಯ್ಯುತ್ತವೆ. ಅಲ್ಲಿ ಅದರ ಮೇಲೆ ಪ್ರಯೋಗಗಳು ನಡೆಯುತ್ತವೆ. ಪರಿಣಾಮವಾಗಿ ಅಪಾರ ಶಕ್ತಿ ಬರುತ್ತದೆ. ಕಾಡಿಗೆ ಮರಳಿದ ಇಲಿ ಆ ಶಕ್ತಿಯನ್ನು ದುಷ್ಟರ ವಿರುದ್ಧ ಬಳಸತೊಡಗುತ್ತದೆ. ಇಷ್ಟೇ ಪೂರ್ವಕಥೆ. ಇದನ್ನು ಓದದೆ ಐವತ್ತನೆಯ ಕಂತಿನಿಂದ ಶುರುಮಾಡಿದ ಮಗುವಿಗೂ ಏನೂ ನಷ್ಟವಿರಲಿಲ್ಲ.

ಪ್ರತಿ ಕಂತಿನ ನಡೆಯೂ ಹೆಚ್ಚುಕಡಿಮೆ ಒಂದೇ. ಮೊದಲ ಚೌಕಟ್ಟುಗಳಲ್ಲಿ ಕಾಡು ನೆಮ್ಮದಿಯಾಗಿರುತ್ತದೆ. ಬಲಿಷ್ಠನೊಬ್ಬನ ಅಥವಾ ಹೊರಗಿನಿಂದ ಬಂದ ಕಿಡಿಗೇಡಿಯ ಉಪಟಳ ಆರಂಭವಾಗುತ್ತದೆ. ಸಣ್ಣ ಪ್ರಾಣಿಗಳು ದಿಕ್ಕು ತೋಚದೆ ಡಿಂಗನನ್ನು ಕೂಗುತ್ತವೆ. ಕೂಗು ಎಲ್ಲಿದ್ದರೂ ಅವನ ಕಿವಿಗೆ ಬೀಳುತ್ತದೆ. ಮುಷ್ಟಿ ಮುಂದೆ ಚಾಚಿ, ಕೊರಳಿಗೆ ಕಟ್ಟಿದ ಹೊದಿಕೆಯನ್ನು ಹಾರಿಸುತ್ತ ಅವನು ಚೌಕಟ್ಟಿನ ಒಂದು ಮೂಲೆಯಿಂದ ನುಗ್ಗುತ್ತಾನೆ. ಏಟು ತಿಂದ ಖಳ ತನ್ನ ಗಾತ್ರಕ್ಕೆ ಸಲ್ಲದಷ್ಟು ದೂರ ಹೋಗಿ ಬೀಳುತ್ತಾನೆ. ರಕ್ತವಿಲ್ಲ, ಸಾವಿಲ್ಲ, ತಲೆಯ ಸುತ್ತ ನಕ್ಷತ್ರಗಳು ತಿರುಗಿದರೆ ಶಿಕ್ಷೆ ಮುಗಿದಂತೆ. ಮುಂದೇನಾಗುವುದೆಂದು ಮೊದಲೇ ತಿಳಿದಿದ್ದರೂ ಓದುಗರು ಹದಿನೈದು ದಿನ ಕಾಯುತ್ತಿದ್ದರು. ಕುತೂಹಲವಿದ್ದುದು ಡಿಂಗ ಗೆಲ್ಲುವನೋ ಇಲ್ಲವೋ ಎಂಬುದರಲ್ಲಲ್ಲ, ಯಾವ ಚೌಕಟ್ಟಿನಲ್ಲಿ ಬರುವನೆಂಬುದರಲ್ಲಿ.

ಇಲಿಯನ್ನು ನಾಯಕನನ್ನಾಗಿ ಮಾಡಿದ್ದು ಹೊಸತಲ್ಲ. ಪಂಚತಂತ್ರದಲ್ಲಿ ಬಲೆಗೆ ಸಿಕ್ಕ ಪಾರಿವಾಳಗಳನ್ನು ಬಿಡಿಸುವ ಹಿರಣ್ಯಕ ಭಾರತೀಯ ಮಕ್ಕಳ ಹಳೆಯ ಪರಿಚಯ. ಆದರೆ ಹಿರಣ್ಯಕ ಗೆಲ್ಲುವುದು ಹಲ್ಲಿನಿಂದ, ಉಪಾಯದಿಂದ. ಇಲಿ ಅಲ್ಲಿ ಇಲಿಯಾಗಿಯೇ ಉಳಿಯುತ್ತದೆ. ಡಿಂಗನ ಮೂಲ ಬೇರೆ ಕಡೆಯದು. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅಮೆರಿಕದಲ್ಲಿ ಸೂಪರ್‌ಮ್ಯಾನ್‌ನನ್ನು ತಂದ ನಾಲ್ಕೇ ವರ್ಷಕ್ಕೆ ಅಲ್ಲಿಯ ಟೆರ್ರಿಟೂನ್ಸ್ ಸ್ಟುಡಿಯೋ ಅವನನ್ನು ಅಣಕಿಸಿ ಹಾರುವ ಇಲಿಯೊಂದನ್ನು ತೆರೆಗೆ ತಂದಿತು. 1942ರಲ್ಲಿ ಸೂಪರ್ ಮೌಸ್ ಎಂಬ ಹೆಸರಿನಿಂದ ಬಂದ ಆ ಇಲಿಗೆ 1944ರಲ್ಲಿ ಮೈಟಿ ಮೌಸ್ ಎಂದು ಮರುನಾಮಕರಣವಾಯಿತು. ಸಿಬಿಎಸ್ ವಾಹಿನಿ 1955ರಿಂದ 1967ರವರೆಗೆ ಶನಿವಾರದ ಬೆಳಗಿನ ಕಾರ್ಯಕ್ರಮವಾಗಿ ಆ ಕಾರ್ಟೂನುಗಳನ್ನು ತೋರಿಸಿತು. ಹೊದಿಕೆ, ಮೈಗಂಟಿದ ಉಡುಪು, ಮುಷ್ಟಿ ಚಾಚಿ ಹಾರುವ ಭಂಗಿ ಇವುಗಳಲ್ಲಿ ಡಿಂಗ ಆ ಮನೆತನದ ಕುಡಿಯೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಮೈಟಿ ಮೌಸ್ ಸೂಪರ್‌ಮ್ಯಾನ್‌ನ ಅಣಕವಾಗಿ ಹುಟ್ಟಿತು. ಡಿಂಗನನ್ನು ಓದಿದ ಮಕ್ಕಳಲ್ಲಿ ಹೆಚ್ಚಿನವರು ಸೂಪರ್‌ಮ್ಯಾನ್‌ನನ್ನು ಕಂಡವರಲ್ಲ. ಹಾಗಾಗಿ ಅವರಿಗೆ ಇಲ್ಲಿ ಅಣಕ ಕಾಣಲಿಲ್ಲ, ಅಸಲಿ ವೀರನೇ ಕಂಡ. ಮುಂದೆ ಟಿ.ವಿ.ಯಲ್ಲಿ ಸೂಪರ್‌ಮ್ಯಾನ್ ಬಂದಾಗ ಅವನೇ ನಕಲಿನಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ಪ್ರಾದೇಶಿಕ ಭಾಷೆಯಲ್ಲಿ ಇಂಥ ವೀರ ಹುಟ್ಟಿದ್ದು ಕೇರಳದಲ್ಲಿ ಮಾತ್ರವಲ್ಲ. ಬಂಗಾಳದಲ್ಲಿ ನಾರಾಯಣ ದೇಬನಾಥ್ 1965ರಲ್ಲಿ ‘ಬಾಟುಲ್ ದಿ ಗ್ರೇಟ್’ ಬರೆಯತೊಡಗಿದ್ದರು. ಹಿಂದಿಯಲ್ಲಿ ರಾಜ್ ಕಾಮಿಕ್ಸ್‌ನ ನಾಗರಾಜ ಬಂದದ್ದು 1986ರಲ್ಲಿ. ಬಾಟುಲ್ ಬಂಗಾಳಿಗರ ಹೊರಗೆ ಹೆಚ್ಚು ಹೋಗಲಿಲ್ಲ. ಡಿಂಕನ್ ಮಾತ್ರ ಪಕ್ಕದ ಭಾಷೆಗೆ ದಾಟಿ ಅಲ್ಲಿಯವನೇ ಆಗಿಬಿಟ್ಟ.

ಮಂಗಳಂ ಸಂಸ್ಥೆ ಕನ್ನಡದಲ್ಲಿ ‘ಮಂಗಳ’ ವಾರಪತ್ರಿಕೆಯನ್ನೂ ಮಕ್ಕಳಿಗಾಗಿ ‘ಬಾಲಮಂಗಳ’ವನ್ನೂ ಹೊರತಂದಿತು. ಆಗ ಕನ್ನಡದ ಮಕ್ಕಳಿಗೆ ಓದಲು ಚಂದಮಾಮ, ಬಾಲಮಿತ್ರ, ಚಂಪಕ ಇದ್ದವು. ಚಂದಮಾಮದ ಬೇತಾಳ, ರಾಜಕುಮಾರಿಯರ ಕತೆಗಳಲ್ಲಿ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅಕ್ಷರದ್ದೇ ಮೇಲುಗೈ. ಒಂದು ಪುಟ ಓದಿ ಮುಗಿಸಲು ಓದು ಚೆನ್ನಾಗಿ ಬರಬೇಕಿತ್ತು. ಬಾಲಮಂಗಳದಲ್ಲಿ ಚಿತ್ರಕಥೆಯೇ ಮುಂದೆ. ಒಂದನೆಯ ತರಗತಿಯ ಮಗುವೂ ಅಕ್ಷರ ಕೂಡಿಸುತ್ತ, ಸಿಕ್ಕದ ಕಡೆ ಚಿತ್ರ ನೋಡುತ್ತ ಕತೆ ಮುಟ್ಟಬಹುದಿತ್ತು. ಡಿಂಗನ ಜತೆಗೆ ‘ಶಕ್ತಿಮದ್ದು’ ಎಂಬ ಚಿತ್ರಕಥೆಯ ಲಂಬೋದರನೂ ಕನ್ನಡ ಓದುಗರ ನೆನಪಿನಲ್ಲಿ ಉಳಿದಿದ್ದಾನೆ.

ಕನ್ನಡಕ್ಕೆ ಬರುವಾಗ ಚಿತ್ರಗಳು ಅವೇ, ಮಾತಿನ ಗುಳ್ಳೆಯೊಳಗಿನ ಅಕ್ಷರ ಮಾತ್ರ ಬೇರೆ. ಈ ಬಗೆಯ ಅನುವಾದದಲ್ಲಿ ಅನುವಾದಕನಿಗೆ ಸ್ವಾತಂತ್ರ್ಯ ಕಡಿಮೆ. ಗುಳ್ಳೆಯ ಗಾತ್ರ ಮೊದಲೇ ನಿಗದಿಯಾಗಿರುವುದರಿಂದ ಮಾತು ಚುಟುಕಾಗಲೇಬೇಕು. ಕಾಡು, ಇಲಿ, ನರಿ, ಹೊಳೆ ಎರಡು ನಾಡಿಗೂ ಒಂದೇ ಆದುದರಿಂದ ಕತೆಗೆ ಬೇರೆ ಊರಿನ ವಾಸನೆ ಹತ್ತಲಿಲ್ಲ. ಡಿಂಗ ಮಲಯಾಳದಿಂದ ಬಂದವನೆಂದು ಬಯಲುಸೀಮೆಯ ಓದುಗರಲ್ಲಿ ಅನೇಕರಿಗೆ ದೊಡ್ಡವರಾದ ಮೇಲೆಯೇ ಗೊತ್ತಾದದ್ದು ಇದಕ್ಕೆ ಸಾಕ್ಷಿ.

ಮಂಜೇಶ್ವರದಲ್ಲಿ ಇದು ಗುಟ್ಟಾಗಿ ಉಳಿಯುವಂತಿರಲಿಲ್ಲ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ರೂಪುಗೊಂಡಾಗ, ಅಲ್ಲಿಯವರೆಗೆ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಕವಿ ಗೋವಿಂದ ಪೈಗಳ ಊರಾದ ಮಂಜೇಶ್ವರ ಹೀಗೆ ಕೇರಳದ ಉತ್ತರದ ತುದಿಯಾಯಿತು. ತಲಪಾಡಿ ದಾಟಿದರೆ ಕರ್ನಾಟಕ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಮಲಯಾಳ, ಶಾಲೆಯಲ್ಲಿ ಕನ್ನಡ ಇಲ್ಲವೇ ಮಲಯಾಳ, ವ್ಯಾಪಾರಕ್ಕೆ ಎಲ್ಲವೂ. ಹೊಸಂಗಡಿ, ಉಪ್ಪಳ, ಕುಂಬಳೆಯಂಥ ಪೇಟೆಗಳಲ್ಲಿ ಮಂಗಳೂರಿನ ಕಡೆಯ ಕನ್ನಡ ಪತ್ರಿಕೆಗಳೂ ತೆಂಕಣದ ಮಲಯಾಳ ಪತ್ರಿಕೆಗಳೂ ಕೂಡುತ್ತವೆ. ಒಂದೇ ಓಣಿಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಡಿಂಗ, ಇನ್ನೊಬ್ಬನಿಗೆ ಡಿಂಕನ್ ಆಗಿರುವುದು ಇಂಥ ಕಡೆಯಲ್ಲಿ ಸಹಜ.

ಕಾಸರಗೋಡಿನ ಭಾಷಾ ಪ್ರಶ್ನೆ ಶಾಲೆ, ಕಚೇರಿ, ಪಠ್ಯಪುಸ್ತಕಗಳ ಸುತ್ತ ಮತ್ತೆ ಮತ್ತೆ ಏಳುತ್ತ ಬಂದಿದೆ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕನ್ನಡಿಗರು ಬೀದಿಗಿಳಿದಿದ್ದರು. ಕನ್ನಡ ಬಾಲಮಂಗಳ ಕೂಡ ಮಲಯಾಳದ ನೆಲದಿಂದಲೇ ಬಂದದ್ದು. ಆದರೆ ಅದು ಯಾರ ಮೇಲೂ ಹೇರಿಕೆಯಾಗಿ ಬರಲಿಲ್ಲ, ಅಂಗಡಿಯಲ್ಲಿ ತೂಗಿಕೊಂಡಿತ್ತು, ಬೇಕಾದವರು ಕೊಂಡರು. ಸರಕಾರಗಳ ಭಾಷಾನೀತಿಯಿಂದ ಆಗದ ನೆರೆಹೊರೆಯ ಕೆಲಸ ಒಂದು ಇಲಿಯಿಂದ ಸುಲಭವಾಗಿ ಆಯಿತೆನ್ನಲು ಅಡ್ಡಿಯಿಲ್ಲ. ಈ ಪ್ರದೇಶದ ಮಕ್ಕಳಿಗೆ ಹಾರುವ ವೀರರ ಅಭಾವವೂ ಇರಲಿಲ್ಲ. ತೆಂಕುತಿಟ್ಟು ಯಕ್ಷಗಾನದ ಪಿತಾಮಹನೆಂದು ಹೆಸರಾದ ಪಾರ್ತಿಸುಬ್ಬನ ಸೀಮೆಯಿದು. ರಾಮಾಯಣದ ಪ್ರಸಂಗಗಳಲ್ಲಿ ಸಮುದ್ರ ಲಂಘಿಸುವ ಹನುಮಂತನನ್ನು ಗದ್ದೆಯಲ್ಲಿ ಚಾಪೆ ಹಾಸಿ ಕುಳಿತು ನೋಡಿದ ಮಕ್ಕಳಿಗೆ ಡಿಂಗನ ಹಾರಾಟ ವಿಚಿತ್ರವೆನಿಸುವ ಕಾರಣವಿಲ್ಲ.

ಡಿಂಗನಿಗೆ ಪೈಪೋಟಿ ಬಂದದ್ದು ಟಿ.ವಿ.ಯಿಂದ. ದೂರದರ್ಶನದಲ್ಲಿ ಹೀ-ಮ್ಯಾನ್, ಸ್ಪೈಡರ್‌ಮ್ಯಾನ್ ಕಾರ್ಟೂನುಗಳು ಬಂದವು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಕಾಲಿಟ್ಟಿತು. 1997ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ಶಕ್ತಿಮಾನ್’ 2005ರವರೆಗೆ ನಡೆಯಿತು. ಅವೆಲ್ಲ ಮಾತಾಡುತ್ತಿದ್ದುದು ಇಂಗ್ಲಿಷ್ ಅಥವಾ ಹಿಂದಿ. ಕನ್ನಡದಲ್ಲಿ ಡಬ್ಬಿಂಗ್‌ಗೆ ಚಿತ್ರೋದ್ಯಮದ ವಿರೋಧವಿದ್ದ ಆ ಕಾಲದಲ್ಲಿ ಕನ್ನಡ ಮಾತಾಡುವ ಅತಿಮಾನುಷ ವೀರನನ್ನು ಕಾಣಬೇಕಾದರೆ ಬಾಲಮಂಗಳದಂಥ ಪತ್ರಿಕೆಗಳೇ ಗತಿ. ಮಕ್ಕಳ ಕಾರ್ಟೂನುಗಳು ಕನ್ನಡದಲ್ಲಿ ದಿನವಿಡೀ ಬರತೊಡಗಿದ್ದು 2009ರಲ್ಲಿ ಸನ್ ಬಳಗದ ಚಿಂಟು ಟಿ.ವಿ. ಆರಂಭವಾದ ಮೇಲೆ. ಮಲಯಾಳದ ಕೊಚ್ಚು ಟಿ.ವಿ. 2011ರಲ್ಲಿ ಬಂತು. ಮರುವರ್ಷ, 2012ರಲ್ಲಿ, ಮಲಯಾಳ ಬಾಲಮಂಗಳಂ ನಿಂತಿತು.

ಪತ್ರಿಕೆ ನಿಂತರೂ ಡಿಂಕನ್ ನಿಲ್ಲಲಿಲ್ಲ. ಅದು ನಿಲ್ಲುವ ಮೊದಲೇ, 2008ರ ಸುಮಾರಿಗೆ, ಕೇರಳದ ಕೆಲವು ವಿಚಾರವಾದಿಗಳು ಅವನನ್ನು ದೇವರೆಂದು ಸಾರಿ ‘ಡಿಂಕಮತ’ವೆಂಬ ವಿಡಂಬನೆಯ ಧರ್ಮವನ್ನು ಹುಟ್ಟುಹಾಕಿದ್ದರು. ಬಾಲಮಂಗಳಂ ಅದರ ಧರ್ಮಗ್ರಂಥ. ಅಮೆರಿಕದಲ್ಲಿ 2005ರಲ್ಲಿ ಹುಟ್ಟಿದ ಹಾರುವ ಸ್ಪಾಗೆಟಿ ದೈತ್ಯನ ಪಂಥದ ಹಾಗೆ, ಧರ್ಮಗಳು ಕೇಳುವ ಗೌರವ ಮತ್ತು ವಿನಾಯಿತಿಗಳನ್ನೆಲ್ಲ ಗಂಭೀರವಾದ ಮುಖದಲ್ಲಿ ತಮಗೂ ಕೇಳುವುದು ಇವರ ರೀತಿ. ನಟ ದಿಲೀಪ್ ‘ಪ್ರೊಫೆಸರ್ ಡಿಂಕನ್’ ಎಂಬ ಚಿತ್ರದಲ್ಲಿ ನಟಿಸುವರೆಂಬ ಸುದ್ದಿ ಬಂದಾಗ ತಮ್ಮ ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂದು ಇವರು 2016ರ ಆರಂಭದಲ್ಲಿ ಕೊಚ್ಚಿಯಲ್ಲಿ ಪ್ರತಿಭಟಿಸಿದರು. ಅದೇ ವರ್ಷ ಮಾರ್ಚ್‌ನಲ್ಲಿ ಕೋಯಿಕ್ಕೋಡಿನಲ್ಲಿ ಡಿಂಕಮತದ ಸಮ್ಮೇಳನ ನಡೆಯಿತು. ಬಿಬಿಸಿಯೂ ವರದಿ ಮಾಡಿತು. ಹಿರಿಯ ಛಾಯಾಗ್ರಾಹಕ ರಾಮಚಂದ್ರ ಬಾಬು ಆ ಚಿತ್ರದ ಮೂಲಕ ನಿರ್ದೇಶಕರಾಗಬೇಕಿತ್ತು. ಅದು ಮುಗಿಯುವ ಮೊದಲೇ, 2019ರ ಡಿಸೆಂಬರ್‌ನಲ್ಲಿ, ಅವರು ತೀರಿಕೊಂಡರು.

ಈ ವಿಡಂಬನೆ ಕನ್ನಡದ ಡಿಂಗನನ್ನು ಮುಟ್ಟಲಿಲ್ಲ. ಮಲಯಾಳದಲ್ಲಿ ಡಿಂಕನ್‌ನ ಹೆಸರೆತ್ತಿದರೆ ಈಗ ಮತ, ದೇವರು, ಚರ್ಚೆ ಎಲ್ಲ ಜತೆಗೆ ಬರುತ್ತವೆ. ಕನ್ನಡದಲ್ಲಿ ಡಿಂಗನೆಂದರೆ ಇನ್ನೂ ಬಾಲಮಂಗಳದ ಇಲಿಯೇ.